ನಾಲ್ಕು ಸ್ಕ್ರೂಗಳ ಕೆಳಗಿನ ಭಾನುವಾರ

ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ಕಮಿಜೋನಿಗೆ ಸೊಂಟನೋವು ಬಂತು. ಏಳು ಇಪ್ಪತ್ತೈದಕ್ಕೆ ಇರಲಿಲ್ಲ. ನಡುವೆ ಆದದ್ದಿಷ್ಟೆ, ಒಂದು ಫೋನು ಬಂದಿತ್ತು.

"ಕಮಿಜೋ ಸಾನ್, ಒಂದು ಬಂದಿದೆ ನೋಡಿ," ಎಂದು ಹಳೇ ಸಾಮಾನಿನಂಗಡಿಯ ಫುರಿಹಾತಾ ಪಿಸುಗುಟ್ಟಿದ್ದ. "ನಾಲ್ಕು ತಂತಿಯ ಬೇಸ್ ಗಿಟಾರು. ನಂಬರು ಜೆ ಎಪ್ಪತ್ತೊಂಬತ್ತು, ಅಂದ್ರೆ ಎಪ್ಪತ್ತೊಂಬತ್ತರ ಅಕ್ಟೋಬರು. ನೀವು ಕೇಳೋ ತಿಂಗಳದ್ದೇ. ಎಂಟೂವರೆಗೆ ಬಾಗಿಲು ತೆಗೀತೀನಿ. ನಗಾನೋ ಕಡೆಯವನೊಬ್ಬ ಒಂಬತ್ತಕ್ಕೆ ಬರ್ತೀನಿ ಅಂದಿದಾನೆ. ಆಮೇಲೆ ನನ್ನ ಬೈಬೇಡಿ."

ಫೋನಿಟ್ಟು ತಿರುಗಿದರೆ ಹೆಂಡತಿ ಮಿನೆಕೊ ರಬ್ಬರ್ ಬೂಟು, ಕೈಗವಸು, ಸಲಿಕೆ ಜೋಡಿಸಿಟ್ಟು ನಿಂತಿದ್ದಳು. ಓಣಿಯ ಚರಂಡಿಗಳ ಮುಚ್ಚಳ ಎತ್ತಿ ಹೂಳು ತೆಗೆಯುವ ದಿನ ಅದು. ವರ್ಷಕ್ಕೆರಡು ಸಲ, ಮನೆಗೊಬ್ಬರು ಬರಲೇಬೇಕು. ಬರದವರ ಮನೆ ಮುಂದೆ ಓಣಿ ಸಂಘದ ಅಧ್ಯಕ್ಷೆ ಒಗುಚಿ ಸಾನ್ ಬಂದು ನಿಂತು, ಏನೂ ಅನ್ನದೆ, ಬರೀ ನಗುತ್ತಿದ್ದರು. ಆ ನಗೆಗಿಂತ ಹೂಳೇ ವಾಸಿ ಎಂದು ಜ್ವರ ಬಂದವರೂ ಎದ್ದು ಬರುತ್ತಿದ್ದರು.

"ಮಿನೆಕೊ... ಸೊಂಟ..." ಎಂದು ಕಮಿಜೋ ಗೋಡೆ ಹಿಡಿದುಕೊಂಡ.

"ಅಯ್ಯೋ, ಹೌದಾ? ಎಡಗಡೆನೋ ಬಲಗಡೆನೋ?"

ಇದನ್ನು ಅವನು ಯೋಚಿಸಿರಲಿಲ್ಲ. "ನಡುವೆ," ಎಂದ.

"ಪಾಪ. ನೀವು ಮಲಗಿರಿ, ನಾನೇ ಹೋಗ್ತೀನಿ," ಎಂದು ಅವಳು ಬೂಟು ಮೆಟ್ಟಿ ಸಲಿಕೆ ಹೆಗಲಿಗೇರಿಸಿ ಹೊರಟೇಬಿಟ್ಟಳು. ಸುಳ್ಳು ಇಷ್ಟು ಸಲೀಸಾಗಿ ನಡೆದದ್ದಕ್ಕೆ ಕಮಿಜೋಗೆ ಒಂದು ಕ್ಷಣ ಬೇಸರವೇ ಆಯಿತು. ಇನ್ನೂ ಎರಡು ನರಳಾಟ ಸಿದ್ಧಮಾಡಿಟ್ಟುಕೊಂಡಿದ್ದ, ಅವು ದಂಡವಾದವು. ಹೊದಿಕೆಯೊಳಗೆ ನೂರರವರೆಗೆ ಎಣಿಸಿ, ಹಿತ್ತಿಲ ಬಾಗಿಲಿಂದ ಸೈಕಲ್ ತಳ್ಳಿಕೊಂಡು ಪಾರಾದ.

ಅರವತ್ತನಾಲ್ಕು ವರ್ಷದ, ನಗರದ ನೀರು ಸರಬರಾಜಿನಲ್ಲಿ ದುಡಿದು ನಿವೃತ್ತನಾದ, ಒಂದು ಹಾಡನ್ನೂ ನೆಟ್ಟಗೆ ಗುನುಗಲು ಬಾರದ ಮನುಷ್ಯನಿಗೆ ಹಳೇ ಬೇಸ್ ಗಿಟಾರಿನ ಹುಚ್ಚು ಯಾಕೆ ಹಿಡಿಯಿತೆಂದು ಮತ್ಸುಮೊತೊ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಅವನು ಹೇಳುತ್ತಲೂ ಇರಲಿಲ್ಲ. ಅಂಗಡಿಯ ಮೂಲೆಯಲ್ಲಿ 'ಕೆಟ್ಟಿದ್ದು, ವಾಪಸಿಲ್ಲ, ದೂರು ಕೇಳುವುದಿಲ್ಲ' ಎಂಬ ಚೀಟಿ ಅಂಟಿಸಿಕೊಂಡು ಒರಗಿರುವ ಅಗ್ಗದ ಬೇಸುಗಳನ್ನು ತರುತ್ತಿದ್ದ. ಮನೆಗೆ ಬಂದವನೇ ಅದರ ಬೆನ್ನಿನ ನಾಲ್ಕು ಸ್ಕ್ರೂ ಬಿಚ್ಚಿ, ತಂತಿ ಹಾಯುವ ಉದ್ದನೆಯ ಕತ್ತನ್ನು ಒಡಲಿನಿಂದ ಬೇರೆ ಮಾಡಿ, ಕತ್ತು ಕೂರುವ ಆ ಅಂಗೈಯಗಲದ ಗೂಡಿನಲ್ಲಿ ಇಣುಕಿ ನೋಡುತ್ತಿದ್ದ. ನೋಡಿ ನಿಟ್ಟುಸಿರು ಬಿಡುತ್ತಿದ್ದ.

ಬೇರೆಯವರ ಕಾಗದ ಒಡೆದು ಓದಿದ ಹಾಗೆ, ಬಿಚ್ಚಿದ್ದನ್ನು ಹಾಗೇ ಬಿಡುವುದು ಸರಿಯಲ್ಲವೆನಿಸಿ, ಆಮೇಲೆ ಅದನ್ನು ರಿಪೇರಿ ಮಾಡುತ್ತಿದ್ದ. ತುಕ್ಕು ಉಜ್ಜುವುದು, ಕರಕರ ಎನ್ನುವ ಗುಂಡಿಗಳನ್ನು ತೊಳೆಯುವುದು, ಒಣಗಿದ ಮರಕ್ಕೆ ಎಣ್ಣೆ ಕುಡಿಸುವುದು, ಬಾಗಿದ ಕತ್ತನ್ನು ದಿನಕ್ಕೆ ಕಾಲು ತಿರುವಿನಂತೆ ನೆಟ್ಟಗೆ ತರುವುದು. ಕೊನೆಗೆ ಹೊಸ ತಂತಿ ಕಟ್ಟಿ, ಎಲ್ಲಕ್ಕಿಂತ ದಪ್ಪದ್ದನ್ನು ಒಂದೇ ಒಂದು ಸಲ ಮೀಟುತ್ತಿದ್ದ. 'ದೂಂ' ಎಂದು ದೂರದ ರೈಲಿನ ಹಾಗೆ ಅದು ಹೊಟ್ಟೆಯೊಳಗೆ ಹೋಗಿ ನಿಲ್ಲುತ್ತಿತ್ತು. ಅವನಿಗೆ ಬರುತ್ತಿದ್ದ ಸಂಗೀತ ಅಷ್ಟೆ. ಮರುದಿನ ಅದನ್ನು ಮಿಡ್ಲ್ ಸ್ಕೂಲಿನ ಸಂಗೀತ ಕೂಟಕ್ಕೆ ಕೊಟ್ಟುಬಿಡುತ್ತಿದ್ದ. ಹೀಗೆ ನಲವತ್ತೊಂದು ಕೊಟ್ಟ ಮೇಲೆ ಆ ಶಾಲೆಯಲ್ಲಿ ಪ್ರತಿ ತಂಡದಲ್ಲೂ ನಾಲ್ವರು ಬೇಸ್ ನುಡಿಸುವವರಿದ್ದರು, ಹಾಡುವವರು ಇರಲಿಲ್ಲ. ವಾರ್ಷಿಕೋತ್ಸವದ ದಿನ ಭೂಕಂಪವೆಂದು ಹೆದರಿ ಮುದುಕರು ಮೇಜಿನಡಿ ಸೇರುತ್ತಿದ್ದರು.

ಅವನು ಹುಡುಕುತ್ತಿದ್ದದ್ದು ಒಂದು ಸಾಲು ಬರಹ.

ನಲವತ್ತೈದು ವರ್ಷದ ಹಿಂದೆ ಈ ಬೇಸುಗಳು ಹುಟ್ಟಿದ ಕಾರ್ಖಾನೆ ಇದೇ ಊರಲ್ಲಿತ್ತು. ಹತ್ತೊಂಬತ್ತರ ಕಮಿಜೋ ಅಲ್ಲಿ ಪಾಲಿಶ್ ಕೋಣೆಯಲ್ಲಿದ್ದ. ಅವನು ಉಜ್ಜಿ ಹೊಳೆಸಿದ ಒಡಲುಗಳು ಗೋಡೆಯಲ್ಲಿದ್ದ ಒಂದು ಕಿಂಡಿಯಿಂದ ಪಕ್ಕದ ಕೋಣೆಗೆ ಹೋಗುತ್ತಿದ್ದವು. ಅಲ್ಲಿ ಅರುಗಾ ತೊಮೊಯೆ ಎಂಬ ಹುಡುಗಿ ಅವಕ್ಕೆ ಕತ್ತು ಕೂರಿಸುತ್ತಿದ್ದಳು. ಕಿಂಡಿಯಲ್ಲಿ ಕಾಣುತ್ತಿದ್ದದ್ದು ಅವಳ ಎರಡು ಕೈ ಮಾತ್ರ. ಆ ಕೈಗಳ ಮೇಲೆ ಕಮಿಜೋಗೆ ಪ್ರಾಣ. ಅಕ್ಟೋಬರಿನ ಒಂದು ಶುಕ್ರವಾರ ಎಲ್ಲಿಲ್ಲದ ಧೈರ್ಯ ಬಂದು, ಒಂದು ಒಡಲಿನ ಗೂಡಿನಲ್ಲಿ ಪೆನ್ಸಿಲಿನಿಂದ ಬರೆದು, ಆಚೆಯ ಕೈಗಳತ್ತ ನೋಡದೆ ಕಣ್ಣು ಮುಚ್ಚಿ ಕಿಂಡಿಯೊಳಗೆ ತಳ್ಳಿದ. ಭಾನುವಾರ ಎರಡು ಗಂಟೆಯಿಂದ ಐದರವರೆಗೆ ಸೇತುವೆಯ ಬಳಿ ನಿಂತ. ಊರಿನ ಅರ್ಧ ಜನ ಆ ದಾರಿಯಲ್ಲಿ ಬಂದು ಅವನನ್ನು ಮಾತಾಡಿಸಿದರು, ತೊಮೊಯೆ ಒಬ್ಬಳನ್ನು ಬಿಟ್ಟು.

ಸೋಮವಾರ ಕೇಳಿದ ಸುದ್ದಿಯೇನೆಂದರೆ, ಹಲ್ಲುನೋವು ಬಂದು ತೊಮೊಯೆ ಶುಕ್ರವಾರ ಮನೆಗೆ ಹೋಗಿದ್ದಳು. ಬೆಳಿಗ್ಗೆಯೇ ಹೋದಳೋ ಮಧ್ಯಾಹ್ನವೋ ಯಾರಿಗೂ ನೆನಪಿಲ್ಲ. ಅವಳನ್ನೇ ಹೋಗಿ ಕೇಳುವ ಧೈರ್ಯ ಇವನಿಗೆ ಆ ಚಳಿಗಾಲವಿಡೀ ಬರಲಿಲ್ಲ. ಬೇಸಗೆಯ ಹೊತ್ತಿಗೆ ಅವಳು ಆ ಹಲ್ಲಿನ ಡಾಕ್ಟರನ್ನೇ ಮದುವೆಯಾಗಿ ಸಮುದ್ರದ ಕಡೆಯ ಊರಿಗೆ ಹೋದಳು.

ಆದರೆ ಕತ್ತು ಕೂರಿಸಿದವರು ಸ್ಕ್ರೂ ಹಾಕುವ ಮುಂಚೆ ಗೂಡಿನ ಮೂಲೆಯಲ್ಲಿ ತಮ್ಮ ಹೆಸರಿನ ಪುಟ್ಟ ಕೆಂಪು ಮೊಹರು ಒತ್ತಬೇಕೆಂಬುದು ಕಾರ್ಖಾನೆಯ ಕಟ್ಟಳೆ. ಆ ಬರಹದ ಪಕ್ಕ 'ಅರುಗಾ' ಎಂಬ ಮೊಹರಿದ್ದರೆ ತೊಮೊಯೆ ಓದಿದ್ದಳು, ಓದಿಯೂ ಬರಲಿಲ್ಲ. ಬೇರೆ ಯಾರದ್ದೋ ಇದ್ದರೆ ಅವಳು ಓದಲೇ ಇಲ್ಲ. ಈ ವಯಸ್ಸಿನಲ್ಲಿ ಅವನಿಗೆ ತೊಮೊಯೆ ಬೇಕಾಗಿರಲಿಲ್ಲ. ಆದರೆ ನೋಡಿ ಬಾರದಿರುವುದಕ್ಕೂ ನೋಡದೆ ಬಾರದಿರುವುದಕ್ಕೂ ನೆಲಮುಗಿಲಿನ ಅಂತರ. ಈ ಎರಡರಲ್ಲಿ ಯಾವುದನ್ನು ಹೊತ್ತು ತಾನು ಬದುಕಿದ್ದೆಂದು ತಿಳಿಯದೆ ಕಣ್ಣುಮುಚ್ಚುವುದು ಹೇಗೆ? ಆ ತಿಂಗಳು ತಯಾರಾದ ಬೇಸುಗಳು ಆರುನೂರು. ನಂಬರಿನ ತಗಡುಗಳನ್ನು ಡಬ್ಬಿಯಿಂದ ಕೈಗೆ ಸಿಕ್ಕಹಾಗೆ ತೆಗೆದು ಹೊಡೆಯುತ್ತಿದ್ದರಿಂದ ಯಾವುದು ಯಾವ ದಿನದ್ದೆಂದು ಹೇಳುವಂತಿರಲಿಲ್ಲ. ಒಂದೊಂದನ್ನೇ ಬಿಚ್ಚಿ ನೋಡಬೇಕು.

ನಲವತ್ತೆರಡನೆಯದು ಫುರಿಹಾತಾನ ಅಂಗಡಿಯಲ್ಲಿ ಒಡೆದ ಅನ್ನದ ಕುಕ್ಕರಿಗೂ ಒಂಟಿ ಸ್ಕೀ ಹಲಗೆಗೂ ನಡುವೆ ತಲೆ ತಗ್ಗಿಸಿ ನಿಂತಿತ್ತು. ಬಣ್ಣ ಮಾಸಿತ್ತು. ಯಾರೋ ಅದರ ತುಂಬ ಕಾರ್ಟೂನ್ ಬೆಕ್ಕುಗಳ ಸ್ಟಿಕರ್ ಅಂಟಿಸಿದ್ದರು. ಮೂರು ತಂತಿ ಇರಲಿಲ್ಲ. ಇದ್ದ ಒಂದರ ಮೇಲೆ ಜೇಡವೊಂದು ಸಂಸಾರ ಹೂಡಿತ್ತು.

"ಚೀಲ ಇಲ್ವಾ?" ಕಮಿಜೋ ಕೇಳಿದ.

"ಮೂರು ಸಾವಿರ ಯೆನ್ನಿಗೆ ಚೀಲಾನೂ ಬೇಕಾ? ಹಗ್ಗ ಕೊಡ್ತೀನಿ, ಬೆನ್ನಿಗೆ ಕಟ್ಟಿಕೊಳ್ಳಿ. ಜೇಡ ಪುಕ್ಕಟೆ."

ಕಟ್ಟಿಕೊಂಡು ಹೊರಟ. ಆದರೆ ಹೋಗುವಾಗ ಖಾಲಿಯಿದ್ದ ಹಿಂದಿನ ಓಣಿಗಳಿಗೆಲ್ಲ ಈಗ ಚರಂಡಿ ಸೈನ್ಯ ನುಗ್ಗಿತ್ತು. ಎಡಕ್ಕೆ ತಿರುಗಿದರೆ ಸಲಿಕೆ, ಬಲಕ್ಕೆ ತಿರುಗಿದರೆ ಬಕೆಟ್ಟು. ತಪ್ಪಿಸಿಕೊಂಡು ತಪ್ಪಿಸಿಕೊಂಡು ಕೊನೆಗೆ ಅವನು ರೊಯ್ಯನೆ ತಿರುಗಿದ್ದು ತನ್ನದೇ ಓಣಿಗೆ. ಎದುರಿಗೆ ಒಗುಚಿ ಸಾನ್. ಅವರ ಪಕ್ಕ ಕ್ಷೌರದಂಗಡಿಯ ಕುವಾಬಾರಾ. ಅವನ ಪಕ್ಕ ಮೊಣಕೈವರೆಗೆ ಕೆಸರಾಗಿದ್ದ ಮಿನೆಕೊ.

"ಕಮಿಜೋ ಸಾನ್," ಎಂದರು ಒಗುಚಿ ಸಾನ್. "ಸೊಂಟ ಹೇಗಿದೆ?" ಎಂದು, ನಕ್ಕರು.

ಆ ನಗೆ ತಗುಲಿದ ಕೂಡಲೆ ಬ್ರೇಕ್ ಹಿಡಿಯಬೇಕಾದ ಕೈ ನಮಸ್ಕಾರ ಮಾಡಲು ಮೇಲೆದ್ದಿತು. ಮುಂದಿನ ಚಕ್ರ ಮುಚ್ಚಳ ತೆಗೆದ ಚರಂಡಿಯೊಳಗೆ ಇಳಿಯಿತು. ಕಮಿಜೋ ಗಾಳಿಯಲ್ಲಿ ಒಂದು ಅರ್ಧಸುತ್ತು ಹಾಕಿ, ಅರ್ಧ ತೆಗೆದ ಹೂಳಿನಲ್ಲಿ ಪಚಕ್ಕೆಂದು ಕೂತ. ಕೂರುವಷ್ಟರಲ್ಲಿ ಅದು ಹೇಗೋ ಬೇಸನ್ನು ಬೆನ್ನಿನಿಂದ ಸೆಳೆದು, ಹೊಳೆ ದಾಟುವವನು ಕೂಸನ್ನು ಎತ್ತಿಹಿಡಿದ ಹಾಗೆ ತಲೆಯ ಮೇಲೆ ಹಿಡಿದಿದ್ದ.

"ಗಿಟಾರ್ ತಗೊಳ್ಳಿ! ಮೊದಲು ಗಿಟಾರ್ ತಗೊಳ್ಳಿ!"

ಕುವಾಬಾರಾ ಗಿಟಾರ್ ತಗೊಂಡ. ಕಮಿಜೋ ಏಳಲು ಹೋದ. ಆಗ ಸೊಂಟ, ಬೆಳಿಗ್ಗೆ ತನ್ನ ಹೆಸರು ಹೇಳಿ ಕರೆದದ್ದಕ್ಕೆ ಈಗ ಬಿಡುವಾಯಿತು ಎಂಬಂತೆ, ಕಟಕ್ಕೆಂದಿತು.

"ಎಲ್ಲಿ ನೋವು?" ಮಿನೆಕೊ ಓಡಿ ಬಂದಳು.

"ನಡುವೆ," ಎಂದ ಕಮಿಜೋ. ಈ ಸಲ ನಿಜವಾಗಿ.

ಒಗುಚಿ ಸಾನ್ ಮೂವತ್ತು ವರ್ಷ ನರ್ಸಾಗಿದ್ದವರು. ಕ್ಷಣದಲ್ಲಿ ನಾಲ್ವರಿಂದ ಅವನನ್ನು ಎತ್ತಿಸಿ, ತೊಳೆಸಿ, ಒಳಗೆ ಚಾಪೆಯ ಮೇಲೆ ಬೋರಲು ಹಾಕಿಸಿ, ಸೊಂಟಕ್ಕೆ ಎರಡು ತಣ್ಣನೆಯ ಪಟ್ಟಿ ಬಡಿದರು. "ಅಲ್ಲಾಡಿದ್ರೆ ಮೂರನೇದು ಹಾಕ್ತೀನಿ," ಎಂದರು. ಕೆಲಸ ಮುಗಿದ ಮೇಲಿನ ಚಹಾ ಇವತ್ತು ಕಮಿಜೋ ಮನೆಯಲ್ಲೇ ಎಂದೂ ತೀರ್ಮಾನ ಕೊಟ್ಟರು. ರೋಗಿಯ ಮೇಲೆ ಕಣ್ಣಿಡಬೇಕಲ್ಲ! ಓಣಿಯ ಹತ್ತು ಹನ್ನೆರಡು ಮಂದಿ ಬೂಟು ಕಳಚಿ ಒಳಬಂದರು. ಮಿನೆಕೊ ಸೊಪ್ಪಿನ ಉಪ್ಪಿನಕಾಯಿಯ ಭರಣಿ ತೆಗೆದಳು. ಸೇಬು ಹೆಚ್ಚಿದರು.

ಕಮಿಜೋ ಕೆನ್ನೆಯನ್ನು ಚಾಪೆಗೊತ್ತಿ ಮಲಗಿದ್ದ. ಅವನಿಗೆ ಕಾಣುತ್ತಿದ್ದದ್ದು ಬರೀ ಕಾಲ್ಚೀಲಗಳು. ಅವುಗಳ ನಡುವಿನಿಂದ, ತೆರೆದ ಬಾಗಿಲಾಚೆ, ತನ್ನ ಕೆಲಸದ ಕೋಣೆ ಕಂಡಿತು. ಮೇಜಿನ ಮೇಲೆ ಬೇಸನ್ನು ಬೋರಲು ಮಲಗಿಸಿದ್ದರು, ತನ್ನ ಹಾಗೆಯೇ. ಅದರ ಬೆನ್ನ ಮೇಲೆ ಕುವಾಬಾರಾ ಬಗ್ಗಿದ್ದ. ಅವನ ಕೈಯಲ್ಲಿ ಸ್ಕ್ರೂಡ್ರೈವರಿತ್ತು.

"ಕುವಾಬಾರಾ! ಏನ್ ಮಾಡ್ತಿದೀಯೋ!"

"ಒಳಗೆ ನೀರು ಹೋಗಿದೆಯೋ ಏನೋ ಅಣ್ಣ. ಬಿಚ್ಚಿ ಒಣಗಿಸ್ತೀನಿ. ನೀನು ಮಲಗು."

"ಬೇಡ! ಮುಟ್ಟಬೇಡ! ನಾನೇ ನಾಳೆ..."

"ನಾಳೆ ನೀನು ಏಳ್ತೀಯಾ?" ಎಂದರು ಒಗುಚಿ ಸಾನ್ ಮೂರನೇ ಪಟ್ಟಿ ಹಿಡಿದು.

ಒಂದು ಸ್ಕ್ರೂ ಬಂತು. ಎರಡು ಬಂತು. ಕಮಿಜೋನ ಎದೆ ಬಡಿತ ಚಾಪೆಯ ಕೆಳಗಿನ ಹಲಗೆಗೆ ಕೇಳಿಸುತ್ತಿತ್ತು. ಅದೇ ಬೇಸು ಇದಾಗಿದ್ದರೆ? ಆ ಬರಹವನ್ನು ಇಡೀ ಓಣಿ ಓದಿದರೆ? ಮಿನೆಕೊ ಓದಿದರೆ? ಮೂರನೆಯದೂ ಬಂತು. ನಾಲ್ಕನೆಯದು ಮಾತ್ರ ತುಕ್ಕು ಹಿಡಿದು ಕೂತಿತ್ತು. ಸ್ಕ್ರೂಡ್ರೈವರು ಜಾರಿ ಕರ್ ಎಂದಿತು. ಕಮಿಜೋ ಮನಸ್ಸಿನಲ್ಲೇ ಆ ಸ್ಕ್ರೂಗೆ ಕೈಮುಗಿದ. ಇನ್ನೊಂದು ಸಲ ಕರ್ ಎಂದಿತು. ಅವನು ಹಲ್ಲು ಕಚ್ಚಿದ. ಮೂರನೆಯ ಸಲ ಕರ್ ಎಂದಾಗ ಅವನೊಳಗಿನ ಕಸುಬುದಾರನಿಗೆ ತಡೆದುಕೊಳ್ಳಲು ಆಗಲಿಲ್ಲ.

"ಆ ಸೈಜು ಅಲ್ಲವೋ ದಡ್ಡ, ಅದರ ತಲೆ ಕೆಡುತ್ತೆ! ಕೆಳಗಿನ ಡಬ್ಬಿಲಿ ಇದೆ ನೋಡು, ಹಳದಿ ಹಿಡಿದು! ಮೊದಲು ಕಾವು ಕೊಡು, ಬೆಸುಗೆ ಕಡ್ಡಿ ತುದಿ ಇಡು, ಒಂದು ನಿಮಿಷ. ಈಗ ಮಧ್ಯೆ ಒಂದು ರಬ್ಬರ್ ಬ್ಯಾಂಡ್ ಇಟ್ಟು ಒತ್ತು. ಒತ್ತಿ ತಿರುಗಿಸು. ಮೆತ್ತಗೆ, ಮೆತ್ತಗೆ..."

ಸ್ಕ್ರೂ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಮಿಜೋ ತನ್ನ ಬಾಯನ್ನು ಚಾಪೆಗೆ ಒತ್ತಿಕೊಂಡ.

ಕತ್ತು ಒಡಲಿನಿಂದ ಬಿಟ್ಟುಕೊಂಡಿತು. ಕುವಾಬಾರಾ ತಲೆ ಕೆರೆದುಕೊಂಡು, "ಒಗುಚಿ ಸಾನ್, ಸ್ವಲ್ಪ ಬನ್ನಿ ಇಲ್ಲಿ," ಎಂದ. ಒಗುಚಿ ಸಾನ್ ಕನ್ನಡಕ ಏರಿಸಿ, ಸಂಘದ ಸುತ್ತೋಲೆ ಓದುವ ಧ್ವನಿಯಲ್ಲೇ ಓದಿದರು:

"'ಭಾನುವಾರ ಎರಡು ಗಂಟೆಗೆ ಸೇತುವೆ ಹತ್ತಿರ ಕಾಯ್ತೀನಿ. ಬಾ. ಬರದಿದ್ದರೂ ಕಾಯ್ತೀನಿ. ಪಾಲಿಶ್ ಕೋಣೆಯ ಕಮಿಜೋ.'"

ನಲವತ್ತೈದು ವರ್ಷ ಕತ್ತಲಲ್ಲಿದ್ದ ಮಾತು ಉಪ್ಪಿನಕಾಯಿ, ಸೇಬುಗಳ ನಡುವೆ ಬಂದು ಕೂತಿತು. ಕಮಿಜೋ ಕಣ್ಣು ಮುಚ್ಚಿಕೊಂಡಿದ್ದ. ಭಯಕ್ಕಿಂತ ಮೊದಲು ಬಾಯಿಗೆ ಬಂದದ್ದು ಬೇರೆಯೇ.

"ಮೊಹರು... ಪಕ್ಕದಲ್ಲಿ ಮೊಹರು ಯಾರದ್ದಿದೆ?"

"ಇದೆ, ಮಾಸಿದೆ," ಎಂದರು ಒಗುಚಿ ಸಾನ್. "ಮ... ಮರುಯಾಮಾ."

ಅರುಗಾ ಅಲ್ಲ! ತೊಮೊಯೆ ನೋಡಲೇ ಇಲ್ಲ! ಅವಳು ಬೇಡವೆನ್ನಲಿಲ್ಲ. ಅವಳನ್ನು ಯಾರೂ ಕೇಳಿಯೇ ಇರಲಿಲ್ಲ. ಕಮಿಜೋಗೆ ಚಾಪೆಯಿಂದ ಒಂದು ಗೇಣು ಮೇಲೆದ್ದಂತಾಯಿತು. ಹತ್ತೊಂಬತ್ತರ ಹುಡುಗನೊಬ್ಬ ಅವನೊಳಗೆ ಸೇತುವೆಯಿಂದ ಕೊನೆಗೂ ಮನೆ ಕಡೆ ಹೊರಟ. ಆಮೇಲೆ, ನಿಧಾನವಾಗಿ, ಒಂದು ಪ್ರಶ್ನೆ ಎದ್ದಿತು. ಮರುಯಾಮಾ ಅಂದರೆ ಯಾರು? ಎಲ್ಲೋ ನೋಡಿದ ಹೆಸರು. ಒಂದು ಬಾಗಿಲು, ಬಾಗಿಲ ಪಕ್ಕ ಮರದ ಫಲಕ, ಹೊಸವರ್ಷಕ್ಕೆ ಹೋದಾಗೆಲ್ಲ ಅದರ ಕೆಳಗೆ ಬೂಟು ಬಿಡುತ್ತಿದ್ದ...

ಅದು ಮಿನೆಕೊಳ ತವರುಮನೆ.

ಕಾಲ್ಚೀಲಗಳ ಕಾಡಿನಲ್ಲಿ ದಾರಿಯಾಯಿತು. ಮಿನೆಕೊ ಬಂದು ಅವನ ಮುಖದ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಅವಳ ಕಣ್ಣು ತುಂಬಿತ್ತು.

"ಸಿಕ್ತಲ್ರೀ," ಎಂದಳು. "ಕೊನೆಗೂ ಸಿಕ್ತು ನಮ್ಮ ಕಾಗದ."

ಕಮಿಜೋ ಬಾಯಿ ತೆರೆದ. ಅಷ್ಟರಲ್ಲಿ ಮಿನೆಕೊ ಎಲ್ಲರ ಕಡೆ ತಿರುಗಿ ಹೇಳತೊಡಗಿದ್ದಳು. "ಅವತ್ತು ಅರುಗಾಗೆ ಹಲ್ಲುನೋವು. ಪ್ಯಾಕಿಂಗಿನಲ್ಲಿದ್ದ ನನ್ನನ್ನ ಮೇಸ್ತ್ರಿ ಎಳಕೊಂಡು ಬಂದು ಆ ಮೇಜಿಗೆ ಕೂರಿಸಿದ. ಕೂತು ಇನ್ನೂ ಎರಡು ನಿಮಿಷ ಆಗಿಲ್ಲ, ಕಿಂಡಿಯಿಂದ ಇದು ಬಂತು! ನಾನು ಅಲ್ಲಿ ಕೂತಿದ್ದು ಇವರಿಗೆ ಅಷ್ಟು ಬೇಗ ಹೇಗೆ ಗೊತ್ತಾಯ್ತೋ, ಇವತ್ತಿಗೂ ನಂಗೆ ಆಶ್ಚರ್ಯ."

"ಮನಸ್ಸಿದ್ರೆ ಗೊತ್ತಾಗುತ್ತೆ," ಎಂದ ಕುವಾಬಾರಾ ಮೂಗು ಒರೆಸಿಕೊಂಡು.

"ನಾನು ಸೇತುವೆ ಹತ್ರ ಹೋದ್ರೆ, ಏನೂ ತಿಳಿಯದವರ ಥರ, 'ಓ, ನೀವು? ಈ ಕಡೆ ಎಲ್ಲಿಗೆ?' ಅಂತಾರೆ! ಅಷ್ಟು ನಾಚಿಕೆ. ಸರಿ, ನಾನೂ 'ಸುಮ್ನೆ ಬಂದೆ' ಅಂದೆ. ಐದು ಗಂಟೆವರೆಗೆ ನನ್ನ ಜೊತೆ ನಿಂತು ಮಾತಾಡಿದ್ರು. ಮಾತಾಡ್ತಾ ದಾರಿ ಕಡೆನೇ ನೋಡ್ತಿದ್ರು, ಯಾರಾದ್ರೂ ನಮ್ಮನ್ನ ನೋಡಿಬಿಟ್ಟಾರು ಅಂತ ಭಯ. ಆಮೇಲೆ ಸೋಬಾ ಶಾವಿಗೆ ತಿನ್ನಿಸಿದ್ರು."

"ಅದೆಲ್ಲ ನಮಗೆ ಬಾಯಿಪಾಠ ಆಗಿದೆ ಮಿನೆಕೊ ಸಾನ್," ಎಂದರು ಒಗುಚಿ ಸಾನ್. ಕಮಿಜೋನತ್ತ ಬಗ್ಗಿ ಹೇಳಿದರು: "ಮೊದಲ ಕಾಗದ ಹುಡುಕೋಕೆ ಗಂಡ ಊರೆಲ್ಲ ಅಲೀತಾರೆ, ಗೊತ್ತಿಲ್ಲದ ಹಾಗೆ ಇರಿ ಅಂತ ಇವರು ಬೇಡಿಕೊಂಡಿದ್ರು. ಗೊತ್ತಿಲ್ಲದ ಹಾಗೆ ನಟಿಸಿ ನಟಿಸಿ ನಮಗೆ ಸಾಕಾಗಿಹೋಯ್ತು. ಫುರಿಹಾತಾ ಮೊದಲು ಫೋನ್ ಮಾಡೋದು ಇವರಿಗೆ, ಆಮೇಲೆ ನಿಮಗೆ. ಇವತ್ತಿನ ಸೊಂಟನೋವು ನಿನ್ನೆ ರಾತ್ರಿನೇ ಮಂಜೂರಾಗಿತ್ತು. ನಗಾನೋದವನು ಅಂತ ಯಾರೂ ಇಲ್ಲ."

ಕಮಿಜೋ ಸೊಂಟವನ್ನು ಮರೆತು ಮಿನೆಕೊಳ ಮುಖವನ್ನೇ ನೋಡುತ್ತಿದ್ದ. ನಿಜ ಹೇಳಬಹುದಿತ್ತು. ಒಂದು ಹೆಸರು, ಅಷ್ಟೆ. ಅಂದು ಗೂಡಿನಲ್ಲಿ ಆ ಹೆಸರು ಬರೆಯುವ ಧೈರ್ಯ ಇರಲಿಲ್ಲ. ಇಂದು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ನಲವತ್ತೈದು ವರ್ಷ ಬಯಸಿದ ಉತ್ತರ ಸಿಕ್ಕಿತ್ತು, ಅವನು ಬಯಸಿದ ಹಾಗೆಯೇ ಸಿಕ್ಕಿತ್ತು, ಆದರೆ ಅದು ಚಲಾವಣೆ ನಿಂತುಹೋದ ನಾಣ್ಯದ ಹಾಗೆ ಅಂಗೈಯಲ್ಲಿ ತಣ್ಣಗಿತ್ತು. ಮಳೆ ಹಿಡಿದ ಮೋಡದಂತಹ ಈ ಕಣ್ಣುಗಳು ಅಂದು ಸೇತುವೆಯ ಬಳಿ ಮೂರು ಗಂಟೆ ಎದುರಿಗೇ ಇದ್ದವಲ್ಲ, ತಾನು ದಾರಿಯನ್ನೇ ನೋಡುತ್ತಿದ್ದೆನಲ್ಲ ಎಂದು ಅವನಿಗೆ ಅನ್ನಿಸಿತು.

"ಇನ್ನು ಹುಡುಕೋದು ಮುಗೀತು," ಎಂದು ಕುವಾಬಾರಾ ಚಹಾ ಬಟ್ಟಲು ಎತ್ತಿದ. "ಆ ಶಾಲೆಗೂ ಬಿಡುಗಡೆ."

"ಎಲ್ಲಿ ಮುಗೀತು?" ಮಿನೆಕೊ ಕಣ್ಣೊರೆಸಿಕೊಂಡು ಎದ್ದಳು. "ಇದು ಇವರು ಬರೆದಿದ್ದು. ನಾನು ಬರೆದಿದ್ದು ಇನ್ನೂ ಸಿಗಬೇಕಲ್ಲ."

ಕಮಿಜೋ ಕತ್ತೆತ್ತಿದ. "ನೀನೂ ಬರೆದಿದ್ಯಾ?"

"ಬರೀದೆ ಇರ್ತೀನಾ? ಆಮೇಲೆ ಬಂದ ಒಡಲಿನಲ್ಲಿ. ಬರೆದು ಕಿಂಡಿಯಿಂದ ವಾಪಸ್ ತಳ್ಳಬೇಕು ಅಂತಿದ್ದೆ, ಅಷ್ಟರಲ್ಲಿ ಮೇಸ್ತ್ರಿ ಬಂದು ಹಿಂದೆ ನಿಂತ. ಹೆದರಿ ಕತ್ತು ಕೂರಿಸಿ ನಾಲ್ಕೂ ಸ್ಕ್ರೂ ಬಿಗಿದುಬಿಟ್ಟೆ. ಹೋಗೇಹೋಯ್ತು."

"ಏನು ಬರೆದಿದ್ದೆ?"

"ಬಾಯಲ್ಲಿ ಹೇಳೋ ಹಾಗಿದ್ರೆ ಬರೀತಿದ್ನಾ?"

"ಮಿನೆಕೊ, ಏನೇ ಬರೆದಿದ್ದೆ?"

ಅವಳ ಕಿವಿ ಕೆಂಪಾಯಿತು. ಅರವತ್ತಮೂರು ವರ್ಷದವಳು, ಖಾಲಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು. ಅಲ್ಲಿಂದ ನಲ್ಲಿಯ ನೀರಿನ ಸದ್ದು ಕೇಳಿಸಿತು, ನೀರಿನ ಕೆಳಗೆ ಅವಳು ಏನೋ ಗುನುಗುವುದು ಕೇಳಿಸಿತು. ಏನೆಂದು ತಿಳಿಯಲಿಲ್ಲ.

ಆರುನೂರರಲ್ಲಿ ನಲವತ್ತೆರಡು ಹೋದರೆ ಐನೂರ ಐವತ್ತೆಂಟು. ಕಮಿಜೋ ಎರಡು ಮೊಣಕೈ ಊರಿ ಏಳಲು ನೋಡಿದ. ಒಗುಚಿ ಸಾನ್ ಮೂರನೇ ಪಟ್ಟಿ ಬಡಿದರು.

"ಎಲ್ಲಿಗೆ?"

"ಫುರಿಹಾತಾಗೆ ಒಂದು ಫೋನು," ಎಂದ ಕಮಿಜೋ. ಅವನ ಧ್ವನಿ ಹತ್ತೊಂಬತ್ತರ ಹುಡುಗನದಾಗಿತ್ತು. "ಬೇಗ ಕೊಡಿ. ಬೇರೆ ಯಾರಾದ್ರೂ ಬಿಚ್ಚಿ ಓದಿಬಿಡ್ತಾರೆ."